ಒಂದು ಇಂಚು ನೀರಿನ ವರ್ಗಮೂಲ

ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತರೆ, ಈ ಸಲ ಎಲ್ಲರೂ ಎಲ್ಲಿ ಎಡವಿದ್ದಾರೆ ಎಂಬುದು ಮೊದಲ ಹತ್ತು ಪತ್ರಿಕೆಗಳಲ್ಲೇ ಗೊತ್ತಾಗುತ್ತದೆ. ರಾಯಚೂರಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳಿಗೆ ಗಣಿತ ಹೇಳಲು ತೊಡಗಿ ನನಗೆ ಹನ್ನೊಂದು ವರ್ಷಗಳಾದವು. ಹನ್ನೊಂದು ವರ್ಷವೂ ಮಕ್ಕಳು ಎಡವುವ ಕಲ್ಲು ಒಂದೇ. ಪ್ರಶ್ನೆ ಎರಡು ಸಾಲಿನದು: ಪರಿಮಿತಿಯ (ಲಿಮಿಟ್‌ನ) ವ್ಯಾಖ್ಯೆಯನ್ನೇ ಬಳಸಿ, ಕ್ಷ ಎಂಬುದು ಅ ಕಡೆಗೆ ಸಾಗಿದಂತೆ √ಕ್ಷ ಎಂಬುದು √ಅ ಕಡೆಗೆ ಸಾಗುತ್ತದೆ ಎಂದು ಸಾಧಿಸಿ.

(ತರಗತಿಯಲ್ಲಿ ನಾನು ಬರೆಯುವುದು ಇಂಗ್ಲಿಷ್ ಅಕ್ಷರಗಳನ್ನೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಕ್ಷ ಮತ್ತು ಅ. ಕ್ಷ-ಕಿರಣವನ್ನು ಒಪ್ಪಿಕೊಂಡವರು ಇದನ್ನೂ ಒಪ್ಪಿಕೊಳ್ಳುತ್ತೀರಿ ಎಂದು ನಂಬಿದ್ದೇನೆ.)

ಮಕ್ಕಳ ಉತ್ತರದ ಮೊದಲ ಸಾಲು ಸರಿಯಾಗಿಯೇ ಇರುತ್ತದೆ:

|√ಕ್ಷ − √ಅ| = |ಕ್ಷ − ಅ| ÷ (√ಕ್ಷ + √ಅ)

ಎರಡನೇ ಸಾಲಿಗೆ ಬಂದಾಗ ಕೈ ತಾನೇ ತಾನಾಗಿ ಓಡುತ್ತದೆ. ಇದು ಎಪ್ಸಿಲಾನ್‌ಗಿಂತ (ವರ್ಗಮೂಲಗಳ ನಡುವೆ ಎಷ್ಟು ಅಂತರಕ್ಕೆ ಅನುಮತಿ ಇದೆ ಎಂಬ ಅಳತೆ) ಕಡಿಮೆ ಇರಬೇಕು, ಆದ್ದರಿಂದ ಡೆಲ್ಟಾ (ಕ್ಷ ಎಂಬುದು ಅ ಬಿಂದುವಿನಿಂದ ಎಷ್ಟು ದೂರದೊಳಗಿರಬೇಕು ಎಂಬ ಅಳತೆ) = ಎಪ್ಸಿಲಾನ್ × (√ಕ್ಷ + √ಅ) ಎಂದು ಆರಿಸಿಕೊಳ್ಳೋಣ. ಮೇಲಿನದೂ ಕೆಳಗಿನದೂ ಹೊಡೆದುಹೋಗಿ ಎಪ್ಸಿಲಾನ್ ಒಂದೇ ಉಳಿಯುತ್ತದೆ. ಸಾಧಿಸಿದ್ದಾಯಿತು ಎಂದು ಬರೆದು, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿರುತ್ತಾರೆ. ಬೀಜಗಣಿತದಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ. ಆದರೂ ಇಡೀ ಉತ್ತರ ತಪ್ಪು.

ನಾನೂ ಮೊದಲ ವರ್ಷದಲ್ಲಿ ಬರೆದದ್ದು ಇದೇ ಉತ್ತರ. ಡೆಲ್ಟಾದ ಸುತ್ತ ಕೆಂಪು ಶಾಯಿಯ ಒಂದು ಸುತ್ತು, ಪಕ್ಕದಲ್ಲಿ ಸೊನ್ನೆ. ಏಕೆಂದು ಕೇಳಲು ಹೋದರೆ, ‘ಡೆಲ್ಟಾದಲ್ಲಿ ಕ್ಷ ಬರಬಾರದು’ ಎಂಬ ಒಂದೇ ವಾಕ್ಯ ಸಿಕ್ಕಿತು. ಬರಬಾರದು ಸರಿ, ಏಕೆ ಬರಬಾರದು? ಎಡಗೈಯಲ್ಲಿ ಪ್ರಸಾದ ತೆಗೆದುಕೊಳ್ಳಬಾರದು ಎನ್ನುತ್ತಾರಲ್ಲ, ಆ ಧಾಟಿಯಲ್ಲಿ ಹೇಳಿದ ಮಾತು ಅದು. ನಾನು ಒಪ್ಪಿಕೊಂಡು ಬಂದೆ. ಕಾರಣ ತಿಳಿದದ್ದು ಐದಾರು ವರ್ಷಗಳ ನಂತರ, ಊರಿನಲ್ಲಿ, ಅಪ್ಪನ ಜೊತೆ ಕಾಲುವೆಯ ಏರಿಯ ಮೇಲೆ ನಡೆಯುತ್ತಿದ್ದಾಗ.

ಅಪ್ಪ ತುಂಗಭದ್ರಾ ಎಡದಂಡೆ ನಾಲೆಯ ಒಂದು ವಿತರಣಾ ಕಾಲುವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿ ಜಲಾಶಯ ಬಿಟ್ಟ ನಾಲೆ ಗಂಗಾವತಿ, ಸಿಂಧನೂರು ಕಡೆಯ ನೆಲಕ್ಕೆಲ್ಲ ನೀರುಣಿಸಿ 227 ಕಿ.ಮೀ. ಸಾಗುವಷ್ಟರಲ್ಲಿ ಸೊರಗಿರುತ್ತದೆ. ನಮ್ಮ ಊರು ಮಾನ್ವಿ ತಾಲ್ಲೂಕಿನಲ್ಲಿ, ಅಂದರೆ ಪತ್ರಿಕೆಗಳು ‘ಕೆಳಭಾಗದ ರೈತರು’ ಎಂದು ಬರೆಯುತ್ತವಲ್ಲ, ಆ ಪೈಕಿ. ಗೇಜ್ ಎಂಬ ಇಂಗ್ಲಿಷ್ ಪದ ನಮ್ಮ ಕಡೆ ಅಕ್ಷರ ಬಾರದ ಅಜ್ಜಿಯ ಬಾಯಲ್ಲೂ ಇದೆ. ಕಾಲುವೆಯ ಗೋಡೆಗೆ ಬಳಿದ ಅಡಿ-ಇಂಚಿನ ಪಟ್ಟಿಯಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂಬುದೇ ಗೇಜ್. ಊರಿನವರು ಬೆಳಗಾದರೆ ಮಳೆ ಬಂತೇ ಎಂದು ಕೇಳುವುದಿಲ್ಲ, ಗೇಜ್ ಎಷ್ಟಿದೆ ಎಂದು ಕೇಳುತ್ತಾರೆ.

ಅಂದು ಅಪ್ಪ ತಮ್ಮ ಕೆಲಸದ ಕಷ್ಟ ಹೇಳಿಕೊಳ್ಳುತ್ತಿದ್ದರು. ‘ಕೆಳಗಿನ ರೈತ ಮೊದಲೇ ಹೇಳಿಬಿಡುತ್ತಾನೆ, ನನ್ನ ತೂಬಿನ ನೀರಿನಲ್ಲಿ ಇಷ್ಟಕ್ಕಿಂತ ಹೆಚ್ಚು-ಕಡಿಮೆ ಆಗಬಾರದು ಎಂದು. ಹಾಗಾದರೆ ಕಾಲುವೆಯ ಗೇಜ್ ಎಷ್ಟರೊಳಗೆ ಹಿಡಿಯಬೇಕು ಎಂಬುದನ್ನು ನಾನು ಸಂಜೆಯೇ ಗೊತ್ತು ಮಾಡಬೇಕು. ರಾತ್ರಿ ಎರಡು ಗಂಟೆಗೆ ನೀರು ಎಷ್ಟಿರುತ್ತದೆ ಎಂದು ನನಗೆ ಹೇಗೆ ಗೊತ್ತು? ಆ ಎರಡು ಗಂಟೆಯ ನೀರು ನೋಡಿಕೊಂಡು ಸಂಜೆ ಆರಕ್ಕೆ ಮಾತು ಕೊಡಲು ಬರುತ್ತದೆಯೇ?’

ನಾನು ಏರಿಯ ಮೇಲೆ ನಿಂತುಬಿಟ್ಟೆ. ರೈತ ಕೇಳುವುದು ಎಪ್ಸಿಲಾನ್. ಅಪ್ಪ ಕೊಡುವ ಮಾತು ಡೆಲ್ಟಾ. ರಾತ್ರಿ ಎರಡು ಗಂಟೆಗೆ ಬರುವ ನೀರು ಕ್ಷ.

ವ್ಯಾಖ್ಯೆಯನ್ನು ಈಗ ಓದಿ ನೋಡಿ. ನೀವು ಎಷ್ಟೇ ಚಿಕ್ಕ ಧನ ಸಂಖ್ಯೆಯನ್ನು ಎಪ್ಸಿಲಾನ್ ಎಂದು ಮುಂದಿಡಿ, ನಾನು ಅದಕ್ಕೆ ತಕ್ಕ ಡೆಲ್ಟಾ ಎಂಬ ಧನ ಸಂಖ್ಯೆಯೊಂದನ್ನು ಕೊಡುತ್ತೇನೆ. ಆಮೇಲೆ ಅ ಬಿಂದುವಿನಿಂದ ಡೆಲ್ಟಾಕ್ಕಿಂತ ಕಡಿಮೆ ದೂರದಲ್ಲಿರುವ, ಅ ಅಲ್ಲದ ಯಾವ ಕ್ಷ ಬಂದರೂ √ಕ್ಷ ಮತ್ತು √ಅ ನಡುವಿನ ಅಂತರ ಎಪ್ಸಿಲಾನ್ ಮೀರುವುದಿಲ್ಲ, ಮುಟ್ಟುವುದೂ ಇಲ್ಲ. ಮಾತನಾಡುವ ಸರದಿ ಇಲ್ಲಿ ಗಟ್ಟಿಯಾಗಿದೆ. ಮೊದಲು ಕೇಳುವವನು, ಆಮೇಲೆ ಕೊಡುವವನು, ಕ್ಷ ಎಲ್ಲರಿಗಿಂತ ಕೊನೆಗೆ. ಡೆಲ್ಟಾ ಆರಿಸುವ ಹೊತ್ತಿಗೆ ಕ್ಷ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದ ಮಗುವಿನ ಕಾಲಳತೆಗೆ ಚಪ್ಪಲಿ ಹೊಲಿಸಿದವರು ನಾವು, ನಾನೂ ನನ್ನ ಹನ್ನೊಂದು ವರ್ಷದ ಮಕ್ಕಳೂ.

ಎಪ್ಸಿಲಾನ್-ಡೆಲ್ಟಾ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದರ ಬೀಜಗಣಿತ ಹತ್ತನೇ ತರಗತಿಯದು. ಕಷ್ಟವಿರುವುದು ಸರದಿಯಲ್ಲಿ. ನಾವು ಪಾಠ ಮಾಡುವಾಗ ಸರದಿಗೆ ಐದು ನಿಮಿಷ ಕೊಟ್ಟು ಬೀಜಗಣಿತಕ್ಕೆ ಎರಡು ವಾರ ಕೊಡುತ್ತೇವೆ.

ಸರಿ, ಕ್ಷ ಗೊತ್ತಿಲ್ಲದೆ ಮಾತು ಕೊಡುವುದು ಹೇಗೆ? ಅಪ್ಪ ಮಾಡುತ್ತಿದ್ದದ್ದನ್ನೇ ಮಾಡಬೇಕು: ಇರುವುದರಲ್ಲಿ ಕೆಟ್ಟ ರಾತ್ರಿಯನ್ನು ಎಣಿಸಿಕೊಳ್ಳಬೇಕು. ನಮ್ಮ ಭಿನ್ನರಾಶಿಯ ಛೇದದಲ್ಲಿ √ಕ್ಷ + √ಅ ಇದೆ. ಛೇದ ಚಿಕ್ಕದಾದಷ್ಟೂ ಭಿನ್ನರಾಶಿ ದೊಡ್ಡದಾಗುತ್ತದೆ, ಅಂದರೆ ನಮಗೆ ಅಪಾಯ. ಛೇದ ಎಷ್ಟು ಚಿಕ್ಕದಾಗಬಲ್ಲದು? ಕ್ಷ ಏನೇ ಆಗಲಿ, ಅದರ ವರ್ಗಮೂಲ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಹಾಗಾಗಿ ಛೇದ √ಅ ಗಿಂತ ಕಡಿಮೆಯಾಗುವ ಭಯವಿಲ್ಲ. ಅ ಧನ ಸಂಖ್ಯೆಯಾಗಿದ್ದರೆ,

|√ಕ್ಷ − √ಅ| ≤ |ಕ್ಷ − ಅ| ÷ √ಅ

ಈಗ ಬಲಗಡೆಯ ಛೇದದಲ್ಲಿ ಕ್ಷ ಇಲ್ಲ. ಡೆಲ್ಟಾ = ಎಪ್ಸಿಲಾನ್ × √ಅ ಎಂದರೆ ಮುಗಿಯಿತು. ಅ ಎಂಬುದು 9, ಎಪ್ಸಿಲಾನ್ 0.01 ಆಗಿದ್ದರೆ ಡೆಲ್ಟಾ 0.03. ಕ್ಷ 9.03ರ ಅಂಚಿನವರೆಗೆ ಹೋದರೂ ವರ್ಗಮೂಲ 3.005ರ ಹತ್ತಿರ ನಿಲ್ಲುತ್ತದೆ, ಅನುಮತಿ ಇದ್ದದ್ದು 3.01ರವರೆಗೆ. ಅಂದರೆ ನಾವು ಬೇಕಾದದ್ದಕ್ಕಿಂತ ಹೆಚ್ಚು-ಕಡಿಮೆ ಎರಡು ಪಟ್ಟು ಬಿಗಿ ಹಿಡಿದಿದ್ದೇವೆ. ಅದು ತಪ್ಪಲ್ಲ. ವ್ಯಾಖ್ಯೆ ಅತಿ ದೊಡ್ಡ ಡೆಲ್ಟಾ ಕೊಡು ಎಂದು ಕೇಳಿಲ್ಲ, ಕೆಲಸಕ್ಕೆ ಬರುವ ಒಂದು ಡೆಲ್ಟಾ ಕೊಡು ಎಂದಿದೆ. ಒಂದು ಡೆಲ್ಟಾ ನಡೆದರೆ ಅದರ ಅರ್ಧ, ಕಾಲು, ನೂರನೇ ಒಂದು ಭಾಗ ಎಲ್ಲವೂ ನಡೆಯುತ್ತವೆ.

ಈ ಮಾತನ್ನು ನಮ್ಮ ಮೌಲ್ಯಮಾಪಕರಿಗೂ ಹೇಳಬೇಕಾಗುತ್ತದೆ. ಒಮ್ಮೆ ಮೌಲ್ಯಮಾಪನಕ್ಕೆ ಹೋದಾಗ ಪಕ್ಕದಲ್ಲಿ ಕುಳಿತವರು, ಉತ್ತರಸೂಚಿಯಲ್ಲಿದ್ದ ಡೆಲ್ಟಾ ಬೇರೆ, ಹುಡುಗ ಬರೆದ ಡೆಲ್ಟಾ ಬೇರೆ ಎಂದು ಅಂಕ ಕಡಿಯಲು ಹೊರಟಿದ್ದರು. ಹುಡುಗನದು ಸೂಚಿಯ ಡೆಲ್ಟಾದ ಅರ್ಧ. ಚಹಾ ತಣ್ಣಗಾಗುವವರೆಗೆ ವಾದ ನಡೆಯಿತು. ಗಣಿತದಲ್ಲಿ ಉತ್ತರ ಒಂದೇ ಎಂದು ಒಂದನೇ ತರಗತಿಯಿಂದ ಹೇಳಿಕೊಟ್ಟಿರುವುದರ ಫಲ ಇದು. ಕೊನೆಗೆ ಪೂರ್ಣ ಅಂಕ ಬಿತ್ತು. ಆದರೆ ಒಪ್ಪಿಗೆಯಾಗಿ ಬಿತ್ತೋ, ನನ್ನ ಬಾಯಿಗೆ ಹೆದರಿ ಬಿತ್ತೋ ಎಂಬ ಅನುಮಾನ ನನಗಿನ್ನೂ ಇದೆ.

ಮೊದಲ ಸಾಲಿನ ಉಪಾಯದ ಬಗ್ಗೆಯೂ ಹೇಳಬೇಕು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಕರಣಿಗಳು (√5, √3ರಂಥ, ಪೂರ್ತಿ ಬಿಡಿಸಲಾಗದ ಮೂಲಗಳು) ಎಂಬ ಪಾಠವಿತ್ತು. ‘ಛೇದವನ್ನು ಅಕರಣೀಕರಿಸಿ’ ಎಂಬ ಪ್ರಶ್ನೆ ಕಾಯಂ ಬರುತ್ತಿತ್ತು. ಛೇದದಲ್ಲಿ √5 − √3 ಇದ್ದರೆ ಮೇಲೂ ಕೆಳಗೂ √5 + √3 ಇಂದ ಗುಣಿಸಿ, ಕೆಳಗಿನ ಕರಣಿಯನ್ನು ಓಡಿಸುವುದು. ಕೆಳಗೆ ಕರಣಿ ಇದ್ದರೆ ಏನು ನಷ್ಟ, ಮೇಲೆ ಹೋದರೆ ಏನು ಲಾಭ ಎಂದು ನಮಗೆ ಯಾರೂ ಹೇಳಲಿಲ್ಲ. ಎರಡು ಅಂಕದ ಲಾಭವಂತೂ ಇತ್ತು. ಎಪ್ಸಿಲಾನ್-ಡೆಲ್ಟಾಕ್ಕೆ ಬಂದಾಗ ಅದೇ ಗುಣಾಕಾರವನ್ನು ತಲೆಕೆಳಗಾಗಿ ಮಾಡುತ್ತೇವೆ. ಮೇಲಿದ್ದ √ಕ್ಷ − √ಅ ಅನ್ನು ಓಡಿಸಿ, ಕೆಳಗೆ ಕರಣಿಗಳನ್ನು ಬೇಕೆಂದೇ ತಂದು ಕೂರಿಸುತ್ತೇವೆ. ಹತ್ತನೇ ತರಗತಿಯ ಮೇಷ್ಟ್ರು ನೋಡಿದ್ದರೆ ಕಿವಿ ಹಿಂಡುತ್ತಿದ್ದರು. ಆದರೆ ಇಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ. ಕರಣಿಗಳ ವ್ಯತ್ಯಾಸವನ್ನು ಹಿಡಿಯುವುದು ಕಷ್ಟ, ಮೊತ್ತವನ್ನು ಹಿಡಿಯುವುದು ಸುಲಭ. ಮೊತ್ತವನ್ನು ಕೆಳಗೆ ಕಾವಲಿಗೆ ಕೂರಿಸಿದರೆ, ಮೇಲೆ ಉಳಿಯುವುದು ನಮಗೆ ಬೇಕಾದ |ಕ್ಷ − ಅ| ಮಾತ್ರ.

ಕರಣಿ ಎಂಬ ಪದ ಯಜ್ಞವೇದಿಗಳ ಅಳತೆಗೆಂದು ಹುಟ್ಟಿದ ಶುಲ್ಬಸೂತ್ರಗಳಷ್ಟು ಹಳೆಯದು. ಬೌಧಾಯನ ಅಲ್ಲಿ √2ಕ್ಕೆ ಒಂದು ಲೆಕ್ಕ ಕೊಟ್ಟಿದ್ದಾನೆ: ಒಂದು, ಅದಕ್ಕೆ ಮೂರನೇ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೇ ಒಂದು ಸೇರಿಸು, ಈ ಕೊನೆಯದರ ಮೂವತ್ತನಾಲ್ಕನೇ ಒಂದು ಕಳೆ. ಕೂಡಿದರೆ 577/408. ಇದು √2ಕ್ಕೆ ಎಷ್ಟು ಹತ್ತಿರ? ಕ್ಯಾಲ್ಕುಲೇಟರ್ ಇಲ್ಲದೆ, √2ರ ದಶಮಾಂಶ ಒಂದೂ ತಿಳಿಯದೆ ಹೇಳಬಹುದು. 577ರ ವರ್ಗ 3,32,929. 408ರ ವರ್ಗ 1,66,464, ಅದರ ಎರಡರಷ್ಟು 3,32,928. ಒಂದೇ ಒಂದು ಹೆಚ್ಚು! ಹಾಗಾಗಿ ಬೌಧಾಯನನ ಸಂಖ್ಯೆಯ ವರ್ಗಕ್ಕೂ 2ಕ್ಕೂ ಇರುವ ವ್ಯತ್ಯಾಸ 1/1,66,464. ನಮ್ಮ ಮೊದಲ ಸಾಲಿನ ಪ್ರಕಾರ ಮೂಲಗಳ ವ್ಯತ್ಯಾಸ ಬೇಕೆಂದರೆ ಇದನ್ನು ಎರಡು ಮೂಲಗಳ ಮೊತ್ತದಿಂದ ಭಾಗಿಸಬೇಕು. ಎರಡೂ 1ಕ್ಕಿಂತ ದೊಡ್ಡವು, ಮೊತ್ತ 2ಕ್ಕಿಂತ ದೊಡ್ಡದು. ಆದ್ದರಿಂದ ತಪ್ಪು 1/3,32,928ಕ್ಕಿಂತ ಕಡಿಮೆ. ಇದನ್ನು ಹಲಗೆಯ ಮೇಲೆ ಮಾಡಿದ ದಿನ ಕೊನೆಯ ಬೆಂಚೂ ಮೊಬೈಲ್ ಕೆಳಗಿಡುತ್ತದೆ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಪ್ರತಿ ವರ್ಷ ಮಾಡುತ್ತೇನೆ.

ಅ ಎಂಬುದು ಸೊನ್ನೆಯಾದರೆ? ಆಗ ಎಪ್ಸಿಲಾನ್ × √ಅ ಎಂಬುದೂ ಸೊನ್ನೆ, ಡೆಲ್ಟಾ ಸೊನ್ನೆಯಾಗುವಂತಿಲ್ಲ. ಅಲ್ಲಿಯವರೆಗೆ ಚೆನ್ನಾಗಿ ನಡೆದ ಬಂಡಿಯ ಗಾಲಿ ಇಲ್ಲಿ ಹೂತುಕೊಳ್ಳುತ್ತದೆ. ದಾರಿ ಬೇರೆ, ಸುಲಭದ್ದೇ. √ಕ್ಷ ಎಪ್ಸಿಲಾನ್‌ಗಿಂತ ಕಡಿಮೆ ಇರಬೇಕಾದರೆ ಕ್ಷ ಎಪ್ಸಿಲಾನ್‌ನ ವರ್ಗಕ್ಕಿಂತ ಕಡಿಮೆ ಇದ್ದರೆ ಸಾಕು. ಡೆಲ್ಟಾ = ಎಪ್ಸಿಲಾನ್². ಸಾಧನೆ ಒಂದು ಸಾಲು. ಆದರೆ ಆ ವರ್ಗ ಏನು ಹೇಳುತ್ತಿದೆ ಎಂದು ನೋಡದೆ ಮುಂದೆ ಹೋಗುವುದು, ಹಂಪಿಗೆ ಹೋಗಿ ಬಸ್ ನಿಲ್ದಾಣ ನೋಡಿಕೊಂಡು ಬಂದಂತೆ.

ತೂಬಿಗೇ ಮರಳುತ್ತೇನೆ, ಏಕೆಂದರೆ ತೂಬಿನೊಳಗೆ ನಿಜವಾಗಿಯೂ ಒಂದು ವರ್ಗಮೂಲ ಕುಳಿತಿದೆ. ರಂಧ್ರದಿಂದ ಚಿಮ್ಮುವ ನೀರಿನ ವೇಗ ಅದರ ಮೇಲಿರುವ ನೀರಿನ ಎತ್ತರದ ವರ್ಗಮೂಲದಂತೆ ಏರಿಳಿಯುತ್ತದೆ ಎಂದು 17ನೇ ಶತಮಾನದಲ್ಲಿ ಇಟಲಿಯ ತೊರಿಚೆಲ್ಲಿ ಕಂಡುಕೊಂಡ. ತೂಬಿನ ಎರಡೂ ಬಾಯಿ ಮುಳುಗಿದ್ದರೆ ಲೆಕ್ಕಕ್ಕೆ ಬರುವ ಎತ್ತರ ಎಂದರೆ ಕಾಲುವೆಯ ನೀರಿನ ಮಟ್ಟಕ್ಕೂ ಹೊಲಗಾಲುವೆಯ ನೀರಿನ ಮಟ್ಟಕ್ಕೂ ಇರುವ ವ್ಯತ್ಯಾಸ. ಮೇಲ್ಭಾಗದ ಒಂದು ತೂಬಿನಲ್ಲಿ ಈ ವ್ಯತ್ಯಾಸ 16 ಇಂಚು ಎಂದಿಟ್ಟುಕೊಳ್ಳಿ. ವರ್ಗಮೂಲ 4. ಗೇಜ್ ಒಂದು ಇಂಚು ಇಳಿದು ವ್ಯತ್ಯಾಸ 15 ಆದರೆ ವರ್ಗಮೂಲ 3.87. ನೀರು ಶೇಕಡ ಮೂರರಷ್ಟು ಕಡಿಮೆಯಾಯಿತು; ರೈತ ನಿದ್ದೆಯಿಂದ ಏಳುವುದಿಲ್ಲ. ಕೆಳಭಾಗದ ತೂಬಿನಲ್ಲಿ ಇರುವುದೇ ಒಂದು ಇಂಚಿನ ವ್ಯತ್ಯಾಸ. ಅರ್ಧ ಇಂಚು ಇಳಿದರೆ ವರ್ಗಮೂಲ 1ರಿಂದ 0.71ಕ್ಕೆ ಬೀಳುತ್ತದೆ, ನೀರು ಶೇಕಡ 29ರಷ್ಟು ಕಡಿಮೆ. ಪೂರ್ತಿ ಒಂದು ಇಂಚು ಇಳಿದರೆ ಹರಿವೇ ಇಲ್ಲ.

ಅಪ್ಪ ಇದನ್ನು ಸೂತ್ರವಿಲ್ಲದೆ ಹೇಳುತ್ತಿದ್ದರು: ‘ಮೇಲೆ ಒಂದು ಇಂಚು ಎಂದರೆ ಸುದ್ದಿಯೇ ಅಲ್ಲ. ಕೆಳಗೆ ಒಂದು ಇಂಚು ಎಂದರೆ ಜಗಳ.’

ವರ್ಗಮೂಲದ ವಕ್ರರೇಖೆ ಸೊನ್ನೆಯ ಬಳಿ ಗೋಡೆಯಂತೆ ನೆಟ್ಟಗೆ ಏಳುತ್ತದೆ, ದೂರ ಹೋದಂತೆ ಚಪ್ಪಟೆಯಾಗುತ್ತದೆ. ಎಪ್ಸಿಲಾನ್ 0.1 ಎಂದು ಕೇಳಿದರೆ, 16ರ ಬಳಿ ಡೆಲ್ಟಾ 0.4 ಸಾಕು, 1ರ ಬಳಿ 0.1 ಬೇಕು, ಸೊನ್ನೆಯ ಬಳಿ 0.01. ಕೇಳಿಕೆ ಒಂದೇ, ಸ್ಥಳ ಬೇರೆ. ಸೊನ್ನೆಯ ಬಳಿ ಬಿಗಿಯನ್ನು ಹತ್ತು ಪಟ್ಟು ಹೆಚ್ಚಿಸಬೇಕೆಂದರೆ ಎಚ್ಚರವನ್ನು ನೂರು ಪಟ್ಟು ಹೆಚ್ಚಿಸಬೇಕು. ಎಪ್ಸಿಲಾನ್‌ನ ತಲೆಯ ಮೇಲೆ ಕುಳಿತ ಆ ಪುಟ್ಟ 2 ಹೇಳುತ್ತಿರುವುದು ಇಷ್ಟನ್ನೇ. ಹಾಗೆಂದು ಕೆಳಭಾಗದ ಗೋಳನ್ನೆಲ್ಲ ವರ್ಗಮೂಲದ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಹಗುರ ನೀರಾವರಿ ಬೆಳೆಗೆಂದು, ಅಂದರೆ ಕಡಿಮೆ ನೀರು ಸಾಕಾಗುವ ಬೆಳೆಗೆಂದು ಗೊತ್ತು ಮಾಡಿದ ನೆಲದಲ್ಲಿ ಮೇಲಿನವರು ಭತ್ತ ನಾಟಿ ಮಾಡಿರುವುದು ತೊರಿಚೆಲ್ಲಿಯ ತಪ್ಪಲ್ಲ.

ಹಿಂದೆ ಬಿಟ್ಟ ಒಂದು ಎಳೆ ಇದೆ. ಅ ಧನ ಸಂಖ್ಯೆಯಾಗಿದ್ದಾಗ ಪಠ್ಯಪುಸ್ತಕಗಳು ಡೆಲ್ಟಾ = ಎಪ್ಸಿಲಾನ್ × √ಅ ಎಂದು ಬಿಡುವುದಿಲ್ಲ; ಅದು ಮತ್ತು ಅ, ಈ ಎರಡರಲ್ಲಿ ಚಿಕ್ಕದು ಎನ್ನುತ್ತವೆ. ಈ ಬಾಲಂಗೋಚಿ ಏಕೆ? ಎಪ್ಸಿಲಾನ್ ಆಗಿ 5ನ್ನು ಕೊಟ್ಟು ಅ ಆಗಿ 9ನ್ನು ಇಟ್ಟರೆ ಡೆಲ್ಟಾ 15 ಆಗುತ್ತದೆ, ಆಗ 9ರಿಂದ ಎಡಕ್ಕೆ −6ರವರೆಗೂ ಹೋಗಲು ಅನುಮತಿ ಕೊಟ್ಟಂತೆ. −4ರ ವರ್ಗಮೂಲ ಎಲ್ಲಿಂದ ತರುತ್ತೀರಿ? ಋಣಸಂಖ್ಯೆ ತನ್ನ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಬಿಡಿಸಿ ಹೇಳಿದವರು 9ನೇ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯರು. ಅವರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು. ಆ ಅರಸನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಭಾಗದ್ದೇ ಆದ ಕಲಬುರಗಿ ಜಿಲ್ಲೆಯಲ್ಲಿದೆ. ಡೆಲ್ಟಾ ಅ ಗಿಂತ ದೊಡ್ಡದಾಗದಂತೆ ನೋಡಿಕೊಂಡರೆ ಕ್ಷ ಸೊನ್ನೆಯ ಎಡಕ್ಕೆ ಜಾರುವುದಿಲ್ಲ. ಋಣಸಂಖ್ಯೆಗಳಿಗೆ ಈ ಉತ್ಪನ್ನದಲ್ಲಿ (ಫಂಕ್ಷನ್‌ನಲ್ಲಿ) ಪ್ರವೇಶವೇ ಇಲ್ಲ ಎಂದು ಮೊದಲೇ ಬರೆದುಕೊಂಡಿದ್ದರೆ ಬಾಲಂಗೋಚಿ ಬೇಡ. ನಾನು ಬೇಡ ಎನ್ನುವ ಪಕ್ಷ. ಆದರೆ ಪರೀಕ್ಷೆಯಲ್ಲಿ ಬರೆದುಬಿಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಎಲ್ಲ ಕಡೆಯೂ ನಾನೇ ಕುಳಿತು ವಾದ ಮಾಡಲಾಗುವುದಿಲ್ಲ.

ಘನಮೂಲವನ್ನು ಬೇಗ ಮುಗಿಸುತ್ತೇನೆ. ಅಲ್ಲಿ ಋಣಸಂಖ್ಯೆಯ ತಕರಾರಿಲ್ಲ. ಎರಡು ಘನಮೂಲಗಳನ್ನು ಪ ಮತ್ತು ಮ ಎಂದು ಕರೆದರೆ, ಪ³ − ಮ³ ಅನ್ನು ಪ − ಮ ಇಂದ ಭಾಗಿಸಿದಾಗ ಬರುವುದು ಪ² + ಪಮ + ಮ². ಇದೇ ಈಗ ಕೆಳಗೆ ಕೂರುವ ಕಾವಲುಗಾರ. ವರ್ಗಪೂರ್ತಿ ಮಾಡಿ ನೋಡಿದರೆ, ಪ ಏನೇ ಆದರೂ ಇದು ಮ²ದ ಮುಕ್ಕಾಲು ಭಾಗಕ್ಕಿಂತ ಕೆಳಗಿಳಿಯುವುದಿಲ್ಲ. ಅ ಎಂಬುದು 8 ಆದರೆ ಮ ಎಂಬುದು 2, ಮ²ದ ಮುಕ್ಕಾಲು 3, ಹಾಗಾಗಿ ಡೆಲ್ಟಾ = 3 × ಎಪ್ಸಿಲಾನ್. ಸೊನ್ನೆಯ ಬಳಿ ಡೆಲ್ಟಾ ಎಪ್ಸಿಲಾನ್‌ನ ಘನ. ಹತ್ತನೇ ಮೂಲಕ್ಕೆ ಹೋದರೆ, 0.1ರ ಕೇಳಿಕೆಗೆ ಒಂದು ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟು ಎಚ್ಚರ ಬೇಕು. ಅಂಥ ತೂಬನ್ನು ಯಾರೂ ಕಟ್ಟದಿರಲಿ.

ಈ ಬಿಗಿಯಾದ ಮಾತುಗಾರಿಕೆ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರವನ್ನು (ಕ್ಯಾಲ್ಕುಲಸ್) ಓಡಿಸಿಕೊಂಡು ಹೋದರು, ಅದರ ತಳಪಾಯ ಎಲ್ಲಿ ಎಂದು ಕೇಳಿದರೆ ಸ್ಪಷ್ಟ ಉತ್ತರವಿರಲಿಲ್ಲ. 1734ರಲ್ಲಿ ಬರ್ಕ್ಲಿ ಎಂಬ ಪಾದ್ರಿ, ನೀವು ಒಮ್ಮೆ ಸೊನ್ನೆಯಲ್ಲ ಎಂದು ಭಾಗಿಸಿ ಇನ್ನೊಮ್ಮೆ ಸೊನ್ನೆ ಎಂದು ಬಿಟ್ಟುಬಿಡುವ ಆ ರಾಶಿಗಳು ಸತ್ತುಹೋದ ರಾಶಿಗಳ ದೆವ್ವಗಳೇ ಎಂದು ಗೇಲಿ ಮಾಡಿದ. ಗೇಲಿಗೆ ತಕ್ಕ ಉತ್ತರ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1821ರಲ್ಲಿ ಕೌಶಿ ಪರಿಮಿತಿಯನ್ನು ಮಾತುಗಳಲ್ಲಿ ಕಟ್ಟಿದ. ಅಸಮತೆಗಳ ಈ ಕಟ್ಟುನಿಟ್ಟಿನ ರೂಪವನ್ನು ಬರ್ಲಿನ್‌ನ ತನ್ನ ಉಪನ್ಯಾಸಗಳಲ್ಲಿ ನೆಲೆಗೊಳಿಸಿದವನು ವೈಯರ್‌ಸ್ಟ್ರಾಸ್. ಬರ್ಲಿನ್ ಸೇರುವ ಮೊದಲು ಆತ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಊರುಗಳ ಶಾಲೆಗಳಲ್ಲಿ ಮೇಷ್ಟ್ರಾಗಿದ್ದ, ಗಣಿತದ ಜೊತೆ ವ್ಯಾಯಾಮವನ್ನೂ ಕಲಿಸುತ್ತಿದ್ದ. ಗೌರವಧನ ಯಾವ ತಿಂಗಳಲ್ಲಿ ಬಂದೀತು ಎಂದು ಲೆಕ್ಕ ಹಾಕುವ ಅತಿಥಿ ಉಪನ್ಯಾಸಕಿಗೆ ಈ ಸಂಗತಿ ಏಕೆ ಇಷ್ಟವೆಂದು ವಿವರಿಸಬೇಕಿಲ್ಲ.

ಕಳೆದ ವರ್ಷದಿಂದ ನಾನು ಪಾಠದ ಕ್ರಮ ಬದಲಿಸಿದ್ದೇನೆ. ಮೊದಲು ಹಲಗೆಯ ಬಲಭಾಗದಲ್ಲಿ ಕಚ್ಚಾ ಲೆಕ್ಕ. ಅಲ್ಲಿ ಹಿಂದಿನಿಂದ ಮುಂದಕ್ಕೆ ಹೋಗುತ್ತೇವೆ, ಬೇಕಾದ ಅಸಮತೆಯಿಂದ ಶುರು ಮಾಡಿ ಡೆಲ್ಟಾ ಹುಡುಕುತ್ತೇವೆ. ಸಿಕ್ಕ ಮೇಲೆ ಎಡಭಾಗದಲ್ಲಿ ಶುದ್ಧ ಪ್ರತಿ, ‘ಎಪ್ಸಿಲಾನ್ ಕೊಡಲಾಗಿದೆ, ಡೆಲ್ಟಾ ಹೀಗೆ ಆರಿಸಿಕೊಳ್ಳೋಣ’ ಎಂದು. ಪಠ್ಯಪುಸ್ತಕಗಳು ಎಡಭಾಗವನ್ನಷ್ಟೇ ಅಚ್ಚು ಮಾಡುತ್ತವೆ. ಡೆಲ್ಟಾ ಆಕಾಶದಿಂದ ಉದುರಿದಂತೆ ಕಾಣುತ್ತದೆ, ಮಕ್ಕಳು ಬಾಯಿಪಾಠಕ್ಕೆ ಇಳಿಯುತ್ತಾರೆ. ಬಲಭಾಗವನ್ನು ಒರೆಸಬೇಡಿ ಎಂದು ನಾನು ಕೂಗುತ್ತಲೇ ಇರುತ್ತೇನೆ, ಯಾರಾದರೊಬ್ಬರು ಒರೆಸಿಬಿಡುತ್ತಾರೆ.

ಹೋದ ಶುಕ್ರವಾರ ಕೊನೆಯ ಪಿರಿಯಡ್ ಮುಗಿಸಿ ಹೊರಟಿದ್ದೆ. ಮೂರನೇ ಬೆಂಚಿನ ಹುಡುಗಿ ರಫ್ ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಿರವಾರದ ಕಡೆಯವಳು, ಅವಳದೂ ಕಾಲುವೆಯ ಕೆಳಭಾಗವೇ. ವರ್ಷದಲ್ಲಿ ಮೂರು ಸಲ ಬಾಯಿ ಬಿಟ್ಟಿದ್ದರೆ ಹೆಚ್ಚು.

‘ಮೇಡಂ, ಸೊನ್ನೆಗೆ ಒಂದು ಡೆಲ್ಟಾ, ಉಳಿದವಕ್ಕೆ ಇನ್ನೊಂದು ಎಂದು ಏಕೆ ಮಾಡಬೇಕು? ಎಪ್ಸಿಲಾನ್ ವರ್ಗವೇ ಎಲ್ಲಕ್ಕೂ ನಡೆಯುತ್ತದೆ.’

‘ನಡೆಯುತ್ತದೆ ಎಂದರೆ ಹೇಗವ್ವ? ತೋರಿಸು.’

ಅವಳು ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಎರಡು ವರ್ಗಮೂಲಗಳ ವ್ಯತ್ಯಾಸ ಯಾವತ್ತೂ ಅವುಗಳ ಮೊತ್ತವನ್ನು ಮೀರುವುದಿಲ್ಲ, ಎರಡೂ ಋಣವಲ್ಲವಲ್ಲ. ಹಾಗಾದರೆ ವ್ಯತ್ಯಾಸವನ್ನು ವ್ಯತ್ಯಾಸದಿಂದಲೇ ಗುಣಿಸಿದರೆ ಬರುವುದು, ವ್ಯತ್ಯಾಸವನ್ನು ಮೊತ್ತದಿಂದ ಗುಣಿಸಿದ್ದಕ್ಕಿಂತ ಹೆಚ್ಚಾಗದು. ಎರಡನೆಯದು |ಕ್ಷ − ಅ|. ಅಂದರೆ,

|√ಕ್ಷ − √ಅ|² ≤ |ಕ್ಷ − ಅ|

ಬಲಗಡೆ ಎಪ್ಸಿಲಾನ್ ವರ್ಗಕ್ಕಿಂತ ಕಡಿಮೆ ಇದ್ದರೆ ಎಡಗಡೆಯ ವ್ಯತ್ಯಾಸ ಎಪ್ಸಿಲಾನ್‌ಗಿಂತ ಕಡಿಮೆ. ಅ ಎಲ್ಲಿದೆ ಎಂದು ಕೇಳುವ ಅಗತ್ಯವೇ ಬರಲಿಲ್ಲ. ಪೆನ್ಸಿಲ್‌ನಲ್ಲಿ ಬರೆದು, ಎರಡು ಕಡೆ ಅಳಿಸಿ, ಮತ್ತೆ ಬರೆದಿದ್ದಳು. ಇದು ಮುಂದಿನ ಪಾಠವೊಂದರಲ್ಲಿ ಏಕರೂಪ ಅವಿಚ್ಛಿನ್ನತೆ ಎಂಬ ಭಾರದ ಹೆಸರಿನಲ್ಲಿ ಬರುತ್ತದೆ. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

‘ಸರಿಯಾಗಿದೆ. ಆದರೆ 16ರ ಬಳಿ 0.4 ಸಾಕಾಗಿದ್ದ ಕಡೆ ನೀನು 0.01 ಹಿಡಿಯುತ್ತಿದ್ದೀಯಲ್ಲ, ಮೇಲಿನವರಿಗೆ ಇಷ್ಟು ಬಿಗಿ ಬೇಕೇ?’

‘ಇರಲಿ ಮೇಡಂ, ಅವರಿಗೇನು ನಷ್ಟ?’ ಎಂದಳು. ನಗಲಿಲ್ಲ. ಲೆಕ್ಕದ ಬಗ್ಗೆ ಹೇಳಿದಳೋ ನಾಲೆಯ ಬಗ್ಗೆ ಹೇಳಿದಳೋ ನನಗೆ ತಿಳಿಯಲಿಲ್ಲ. ನೋಟ್‌ಬುಕ್ ಮುಚ್ಚಿ ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

‘ವರ್ಗಮೂಲಕ್ಕೆ ಸಿಕ್ಕಿತು. ವರ್ಗಕ್ಕೂ ಹೀಗೆ ಎಲ್ಲ ಕಡೆ ನಡೆಯುವ ಒಂದೇ ಡೆಲ್ಟಾ ಸಿಗುತ್ತದೆಯೇ ಮೇಡಂ?’

ಹೊರಗೆ ಮಾನ್ವಿಯ ಬಸ್ ಹಾರ್ನ್ ಹೊಡೆಯುತ್ತಿತ್ತು. ಸೋಮವಾರದ ಹೊತ್ತಿಗೆ ನೀನೇ ಹುಡುಕಿಕೊಂಡು ಬಾ, ನೂರರ ಬಳಿ ಒಮ್ಮೆ, ಸಾವಿರದ ಬಳಿ ಒಮ್ಮೆ ಮಾಡಿ ನೋಡು ಎಂದೆ. ಅವಳು ಅಲ್ಲಿಯೇ ಗೋಡೆಗೆ ನೋಟ್‌ಬುಕ್ ಒತ್ತಿ ಹಿಡಿದು 100 ಎಂದು ಬರೆದುಕೊಂಡು, ಬಸ್ಸಿನ ಕಡೆ ಓಡಿದಳು.